ಅಡ್ಡಗೀಟಿನ ಹೆಂಗಸು

ಹತ್ತೊಂಬತ್ತು ತುಂಬುವ ಹೊತ್ತಿಗೆ
ಮುಖ ನನ್ನ ಮಾತು ಕೇಳುವುದು ಬಿಟ್ಟಿತ್ತು.
ದವಡೆಯುದ್ದಕ್ಕೂ ಗಂಟು, ಗಂಟಿನೊಳಗೆ ಕೀವು,
ಮಗ್ಗುಲಾದರೆ ದಿಂಬಿಗೆ ರಕ್ತದ ಚುಕ್ಕೆ.
ಹೆಸರು ಎರ್ರೆಮ್ಮ. ಅಜ್ಜಿ ಹರಕೆ ಹೊತ್ತು ಇಟ್ಟದ್ದು.
ತೆಲುಗು ಬಲ್ಲ ಗೆಳತಿಯರಿಗೆ ಅದರೊಳಗಿನ ಕೆಂಪು
ಸಿಗಲು ತಡವಾಗಲಿಲ್ಲ.

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ ನನ್ನ ಕೆಲಸ
ಹೊಸ ಪ್ಯಾಂಟಿನ ತೊಡೆಗೆ ಉಪ್ಪುಕಾಗದ ತಿಕ್ಕುವುದು,
ಮೊಣಕಾಲಿಗೆ ಬ್ಲೇಡು ಎಳೆದು ಎಳೆ ಎಬ್ಬಿಸುವುದು.
ಹೆಚ್ಚು ಗಾಯವಾದ ಪೀಸಿಗೆ ಹೆಚ್ಚು ರೇಟು.
ಸೇಟು ಬಂದಾಗ ಮಾತ್ರ ಓಢಣಿ ಎಳೆದುಕೊಂಡು
ನೀಲಿ ಧೂಳಿಗೆ ಕೆಮ್ಮಿದ ಹಾಗೆ ಮಾಡುತ್ತಿದ್ದೆ.

ಮುಲ್ತಾನಿ ಮಿಟ್ಟಿ, ಬೇವು, ಅರಿಶಿನ,
ಬೆಳಗಿನ ಬಾಯಿ ತೊಳೆಯದ ಎಂಜಲು, ಅದೂ ಆಯಿತು.
ಒಗ್ಗರಣಿ ಬಿಡು, ಮಿರ್ಚಿ ಬಿಡು ಅಂದವರೆಲ್ಲ
ಮಿರ್ಚಿ ಕಚ್ಚುತ್ತಲೇ ಅಂದರು.
ಮದುವೆಯಾದರೆ ಹೋಗುತ್ತವೆ ಅಂತ ಒಬ್ಬಳು,
ಹೋದರೆ ಮದುವೆಯಾಗುತ್ತದೆ ಅಂತ ಇನ್ನೊಬ್ಬಳು.

ದೊಡ್ಡಾಸ್ಪತ್ರೆ, ಚರ್ಮದ ಡಾಕ್ಟರಮ್ಮ, ಬುಧವಾರ.
ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.
ಈ ಮುಖವನ್ನು ಯಾರಾದರೂ ಮುಟ್ಟಿ
ಎರಡು ವರ್ಷವಾಗಿತ್ತು. ಕಣ್ಣು ತುಂಬಿತು.
ನೋವಾಯ್ತಾ ಅಂದರು. ಹೂಂ ಅಂದೆ.
ಮೊದಲು ರಕ್ತ, ಆಮೇಲೆ ಮೂತ್ರ, ಆಮೇಲೆ ಒಂದು ಹಾಳೆ, ಸಹಿ.
"ಇದನ್ನ ತಗೊಳ್ಳೋವಾಗ ಬಸಿರಾಗಬಾರದು,
ಬಿಟ್ಟ ಮೇಲೂ ಒಂದು ತಿಂಗಳು. ಮಗೂಗೆ ಬಹಳ ಕೆಟ್ಟದ್ದು. ತಿಳೀತಾ?"
ಸಾಲಿನಲ್ಲಿದ್ದವರೆಲ್ಲ ತಿಳಿದುಕೊಂಡರು.
"ಬರಿ ಹೊಟ್ಟೇಲಿ ಬೇಡ. ಎಣ್ಣೆ ತುಪ್ಪ ಇರೋ ಊಟದ ಜೊತೆ."
ನಾನು ಎರಡು ಸಲ ಕೇಳಿದೆ: ಎಣ್ಣೆನಾ?
ಅವತ್ತು ಮೋತಿ ಸರ್ಕಲ್ಲಿನಲ್ಲಿ ನಿಂತು
ಮಿರ್ಚಿಯ ಜೊತೆ ಮೊದಲ ಗುಳಿಗೆ ನುಂಗಿದೆ,
ಇಡೀ ಊರಿಗೆ ಕಾಣುವ ಹಾಗೆ.

ಏಪ್ರಿಲ್. ಬಳ್ಳಾರಿಯಲ್ಲಿ ತುಟಿ ಒಣಗಲು
ಔಷಧಿ ಬೇರೆ ಬೇಕೇ?
ನನ್ನವು ಸೀಳಿದವು. ಆಕಳಿಸುವುದು ಬಿಟ್ಟೆ, ನಗುವುದನ್ನೂ.
ಮೂಗಿನಿಂದ ತೊಟ್ಟಿಕ್ಕಿ ಒಂದು ಪ್ಯಾಂಟು ಕೆಟ್ಟಿತು;
ಹೊಸ ಡಿಸೈನು ಅಂದುಕೊಂಡು ಪ್ಯಾಕ್ ಮಾಡಿದಳು ಮಹಬೂಬಿ.
ಮೊದಲ ತಿಂಗಳು ಮೊಡವೆ ಇನ್ನೂ ಹೆಚ್ಚಾದವು.
ಗುಳಿಗೆಯನ್ನು ಬಚ್ಚಲಿಗೆ ಎಸೆಯಲು ಹೋಗಿ
ಅದರ ರೇಟು ನೆನೆದು, ನುಂಗಿದೆ.

ಆಗಲೇ ಅವ್ವನ ಕೈಗೆ ಸಿಕ್ಕಿತು ಖಾಲಿ ಪಟ್ಟಿ.
ಅವಳಿಗೆ ಅಕ್ಷರ ಬಾರದು. ಚಿತ್ರ ಬರುತ್ತದೆ:
ಹೊಟ್ಟೆ ಮುಂದೆ ಬಂದ ಹೆಂಗಸು,
ಅವಳ ಮೇಲೆ ಅಡ್ಡಗೀಟು.

ಎರಡು ದಿನ ತಾಟಿಗೆ ರೊಟ್ಟಿ ಬಿತ್ತು, ಮಾತು ಬೀಳಲಿಲ್ಲ.
ಮೂರನೆಯ ರಾತ್ರಿ, ದೀಪ ಆರಿಸಿದ ಮೇಲೆ:
"ಯಾರವ ಆತ?"
"ಯಾರು?"
"ನಾನೇನು ಕುರುಡಿ ಅಲ್ಲ."
ತಿಳಿದಾಗ ನಗು ಬಂತು. ತುಟಿ ಬಿರಿಯಿತು.
ದೀಪ ಹಚ್ಚಿ ರಕ್ತ ನೋಡಿ
ಅವ್ವ ಇನ್ನಷ್ಟು ಹೆದರಿದಳು.

ಮರುದಿನ ಪಟ್ಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು
ಆಶಾ ಹುಲಿಗೆಮ್ಮನ ಮನೆಗೆ ಹೋದಳು.
ಬಂದು ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ
ಯಾರೂ ಯಾರಿಗೂ ತಪ್ಪಾಯ್ತು ಅಂದದ್ದಿಲ್ಲ.
ರಾತ್ರಿ ನನ್ನ ರೊಟ್ಟಿಯ ಮೇಲೆ
ನಿಂಬೆಕಾಯಿ ಗಾತ್ರದ ಬೆಣ್ಣೆ.
"ಗುಳಿಗಿ ನುಂಗಿದೇನು?"
ತಮ್ಮ ಗಾದಿಲಿಂಗ ತನ್ನ ತಾಟು ನೋಡಿಕೊಂಡ.

ಏಳು ತಿಂಗಳು. ಗಂಟು ಕರಗಿದವು,
ಕುಳಿ ಉಳಿದವು; ಓರೆ ಬಿಸಿಲಿಗೆ ಎಲ್ಲವೂ ಎಣಿಕೆಗೆ ಸಿಗುತ್ತವೆ.
ಸೇಟು ನನ್ನನ್ನು ಕೌಂಟರಿಗೆ ಹಾಕುತ್ತೇನೆ ಅಂದ.
ಮರುಳು ಧೈರ್ಯ, ಬೇಡ ಅಂದೆ;
ಉಪ್ಪುಕಾಗದಕ್ಕೆ ಪೀಸಿಗಿಷ್ಟು, ಕೌಂಟರಿಗೆ ತಿಂಗಳಿಗಿಷ್ಟೇ.

ಕೊನೆಯ ಪಟ್ಟಿ ಖಾಲಿಯಾದ ರಾತ್ರಿ
ಅವ್ವ ಅದನ್ನು ಎಸೆಯಲು ಕೊಡಲಿಲ್ಲ.
ದೀಪಕ್ಕೆ ಹಿಡಿದು, ಹೆಬ್ಬೆರಳಿಂದ ಆ ಚಿತ್ರ ಒರೆಸುತ್ತ ಕೇಳಿದಳು:
"ನಿನಗಂತೂ ಕಡಿಮಿ ಆತು.
ಪಾಪ, ಈಕಿ ಮ್ಯಾಲಿನ ಗೀಟು
ಯಾವಾಗ ತಗೀತಾರ?"