ರಸೀದಿ

ತಾಯಿಸಿಯಾ ಅಂತ ಹೆಸರು. ಬಾಯಿ ತಿರುಗದೆ
ತಾಯಮ್ಮ ಅಂದೆ ಮೊದಲ ಮಂಗಳವಾರ; ತಿದ್ದಲಿಲ್ಲ.
ಮಿಕ್ಕಿದ್ದೆಲ್ಲ ತಿದ್ದುವಳು:
ನಲವತ್ತೊಂದು ಹಾಳೆಗೆ ನಾನು ನಲವತ್ತು ಎಣಿಸಿದರೆ
ಇನ್ನೊಂದು ರೂಪಾಯಿ ಮೇಜಿನ ಮೇಲಿಟ್ಟು
ಬೆರಳೆತ್ತಿ ನಿಲ್ಲುವಳು.

ಲಿಂಗರಾಜಪುರದ ಫ್ಲೈಓವರ್ ಪಕ್ಕ ನನ್ನ ಜೆರಾಕ್ಸ್ ಅಂಗಡಿ.
ಆಧಾರ್, ಬಾಡಿಗೆ ಕರಾರು, ಮಕ್ಕಳ ಟಿ.ಸಿ. ನಡುವೆ
ಅವಳ ರಷ್ಯನ್ ಕಾಗದ. ಬೆನ್ನು ತಿರುಗಿಸಿ ನಿಂತ ಅಕ್ಷರ.
ಅಂಕಿ ಮಾತ್ರ ನಮ್ಮ ಪಾಸ್‌ಬುಕ್ಕಿನವೇ:
ಹುಟ್ಟಿದ ವರ್ಷ, ಸತ್ತ ವರ್ಷ.
ಕಳೆದು ನೋಡಿದೆ. ಹತ್ತೊಂಬತ್ತು. ಇಪ್ಪತ್ತು. ಮತ್ತೆ ಹತ್ತೊಂಬತ್ತು.

ಅವಳೂರ ಪತ್ರಿಕೆಗೆ ಬೀಗ ಬಿತ್ತಂತೆ,
ಜೊತೆಗೆ ಬರೆಯುತ್ತಿದ್ದವನು ಲಿಫ್ಟಿನಿಂದ ಹೊರಗೇ ಬರಲಿಲ್ಲವಂತೆ.
ಇಷ್ಟು ಹೇಳಲು ಎರಡು ಮಳೆಗಾಲ ಹಿಡಿಯಿತು.
ಕಲಿತ ಕನ್ನಡ ಎರಡೇ ಮಾತು:
ಸಾಕು. ರಸೀದಿ ಕೊಡಿ.
ಎರಡು ರೂಪಾಯಿಗೂ ರಸೀದಿ!
ಪಂಚರ್ ಅಂಗಡಿಯ ಮುಖ್ತಿಯಾರ್ ಬಿದ್ದು ಬಿದ್ದು ನಗುತ್ತಿದ್ದ.

ಮೊನ್ನೆ ಒಬ್ಬ ಬಂದ. ಶೂ ಮೇಲೆ ಧೂಳಿಲ್ಲ, ಈ ರಸ್ತೆಯಲ್ಲಿ.
ಫೋನಿನಲ್ಲಿ ಅವಳ ಫೋಟೊ, ಕೂದಲು ಉದ್ದವಿದ್ದ ಕಾಲದ್ದು.
ನೋಡೇ ಇಲ್ಲ, ಅಂದೆ.
ಯಂತ್ರದ ಬಾಯಲ್ಲಿ ಅವಳ ಹಾಳೆ ಇನ್ನೂ ಬಿಸಿ.

ಸಂಜೆ ಹೇಳಿದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ.
ಹರಕು ಇಂಗ್ಲಿಷಿನಲ್ಲಿ ಕೇಳಿದಳು:
ಗಂಟೆ ಎಷ್ಟು? ಅಂಗಿ ಯಾವ ಬಣ್ಣ?
ನಾಲ್ಕೂ ಹತ್ತು. ನೀಲಿ... ಅಲ್ಲ, ಬೂದು.
ಎರಡರಲ್ಲಿ ಯಾವುದು?
ಗೊತ್ತಿಲ್ಲ ತಾಯಮ್ಮ.
ಗೊತ್ತಿಲ್ಲ ಅಂತಲೇ ಬರೆದುಕೊಂಡಳು.

ಮಂಗಳವಾರ ಬರಲಿಲ್ಲ. ಅದರಾಚೆಯ ಮಂಗಳವಾರವೂ.
ಹಳೇ ರಸೀದಿ ಪುಸ್ತಕಗಳ ಕಾರ್ಬನ್ ಪ್ರತಿ ತಿರುವಿದೆ:
ನೂರ ಹದಿನೇಳು ಸಲ ಬಂದಿದ್ದಾಳೆ.
ನೋಡೇ ಇಲ್ಲ ಅಂದವನ ಕೈಬರಹ,
ದಿನಾಂಕ ಸಮೇತ.