ಲೈನ್ ಕ್ಲಿಯರ್

ರಾತ್ರಿ ಹನ್ನೊಂದೂ ಹತ್ತಕ್ಕೆ ಸಬ್‌ಸ್ಟೇಷನ್ನಿಗೆ ಫೋನು ಮಾಡಿ
ಚಿನಕುರಳಿ ಫೀಡರಿಗೆ ಲೈನ್ ಕ್ಲಿಯರ್ ತೆಗೆದುಕೊಂಡೆ, ನನ್ನ ಹೆಸರಲ್ಲಿ.
ಒಂದೇ ಸಲಕ್ಕೆ ಆರಿದವು
ಕೋಳಿ ಫಾರಮ್ಮು, ಹಾಲಿನ ಡೇರಿ,
ಯಾರದೋ ಮನೆಯ ಧಾರಾವಾಹಿ, ಅರ್ಧ ಬೈಗುಳದಲ್ಲಿ.

ಬರುತ್ತದೆ, ಬರುತ್ತದೆ ಅನ್ನುತ್ತಿದ್ದರು ಮೂರು ದಿನದಿಂದ.
ಪಣಂಬೂರಲ್ಲಿ ಹಡಗಿನಿಂದಿಳಿದು ಇಪ್ಪತ್ತಾರು ದಿನ,
ನಮ್ಮ ಕೆಂಪು ಬಸ್ಸು ಒಂದು ಹಗಲಲ್ಲಿ ಮುಗಿಸುವ ದಾರಿ.
ಮೊದಲು ಬಾವುಟ ಕಟ್ಟಿದ ಜೀಪು.
ಆಮೇಲೆ ನೆಲದೊಳಗೆ ಒಂದು ನಡುಕ,
ಕಂಬಕ್ಕೆ ಒರಗಿದ ಬೆನ್ನಿಗೆ ಮಾತ್ರ ಗೊತ್ತಾಗುವಂಥದ್ದು.

ಸುರಂಗ ಕೊರೆಯುವ ಯಂತ್ರದ ತಲೆಯಂತೆ.
ಬರೀ ತಲೆ. ಮೈ ಇನ್ನೂ ಬಂದರಿನಲ್ಲೇ ಇದೆಯಂತೆ.
ಚಕ್ರ ಎಷ್ಟೋ ನಾನು ಎಣಿಸಲಿಲ್ಲ,
ಎಣಿಸಿದ್ದು ಕೆಂಪಾಜಿಯ ಮಗಳು, ನಿದ್ದೆ ಬಿಟ್ಟು,
ಎರಡು ಸಲ, ಎರಡು ಸಲಕ್ಕೂ ಬೇರೆ ಲೆಕ್ಕ.

ಟಾರ್ಪಾಲಿನ ಮೇಲೆ ಬಿದಿರ ಗಳ ಹಿಡಿದು ಕೂತ ಹುಡುಗ
ಮುರ್ಮು, ಜಾರ್ಖಂಡಿನವನು.
ಕೇಬಲ್ ವೈರು, ಬ್ಯಾನರಿನ ಹಗ್ಗ, ಎಲ್ಲವನ್ನೂ ಮೆಲ್ಲಗೆ ಎತ್ತಿ
ನೆತ್ತಿ ದಾಟಿಸಿ ಹಿಂದಕ್ಕೆ ಬಿಡುತ್ತಾನೆ,
ಒಣಹಾಕಿದ ಸೀರೆಯ ಅಡಿಯಲ್ಲಿ ನುಸುಳುವವರ ಹಾಗೆ.
ನನ್ನ ತಂತಿಯನ್ನು ಮಾತ್ರ ಮುಟ್ಟುವುದಿಲ್ಲ.
ಪ್ರತಿ ಕಂಬದಲ್ಲೂ ಮೇಲಿಂದ, "ಬಂದ್?"
ಕೆಳಗಿಂದ ನಾನು, "ಬಂದ್."
ನಮ್ಮಿಬ್ಬರಿಗೂ ಸೇರಿ ಇದ್ದದ್ದು ಆ ಒಂದು ಮಾತು.
ಅದರ ಮೇಲೆ ಅವನು ಕೂತಿದ್ದ.

ನಾಲೆ ಬದಿಯ ತಿರುವಿನಲ್ಲಿ, ಎದುರಿಗೆ,
ಆಲೆಮನೆಗೆ ಹೊರಟಿದ್ದ ಚಿಕ್ಕತಾಯಮ್ಮನ ಕಬ್ಬು.
ಟ್ರಾಕ್ಟರು, ಹಿಂದೆ ಎರಡು ಟ್ರೈಲರು,
ಎರಡೂ ಕಡೆಗೆ ಮಾರುದ್ದ ಚಾಚಿದ ಜಲ್ಲೆ.
ಈ ರಸ್ತೆಯಲ್ಲಿ ಅಲ್ಲಿಯವರೆಗೆ ಅವಳಿಗಿಂತ ದೊಡ್ಡದು ಬಂದಿರಲಿಲ್ಲ.

"ಹಿಂದುಕ್ ತಕ್ಕೊಳಯ್ಯ."
ತೂತ್ತುಕುಡಿಯ ಮೇಸ್ತ್ರಿ ಸೆಲ್ವಿನ್ ಕೈ ಮುಗಿದ:
"ಅಮ್ಮಾ, ಇದಕ್ಕೆ ಹಿಂದೆ ಅಂತ ಇಲ್ಲ."
"ನನ್ ಗಾಡಿಗೈತಾ? ಎಲ್ಡ್ ಟ್ರೈಲರು ಕಣಪ್ಪ,
ಹಿಂದುಕ್ ತಳ್ಳುದ್ರೆ ಹಾವಾಯ್ತದೆ."

ಟೇಪು ಹಿಡಿದರು. ತಿರುವಿಗೆ ಆರಡಿ ಕಮ್ಮಿ.
ಆರಡಿಯಲ್ಲಿ ಹಳ್ಳ, ಹಳ್ಳದಾಚೆ ನಾಲೆ.
ಕಬ್ಬಿಣದ ಹಲಗೆ ಹೊತ್ತ ಲಾರಿ ಕಿಕ್ಕೇರಿಯಲ್ಲಿ ಪಂಕ್ಚರಾಗಿ ಕೂತಿದೆ.
ಕೋಳಿ ಫಾರಮ್ಮಿನವನಿಂದ ನನಗೆ ನಾಲ್ಕನೇ ಫೋನು.
ಕೆಂಪಾಜಿಯ ಮಗಳು ಟಾರ್ಪಾಲು ಸವರಿ
ಬೆರಳು ನೆಕ್ಕಿ ಅಂದಳು: "ಉಪ್ಪು!"
ಘಟ್ಟ ಹತ್ತಿ ಬಂದರೂ ಕಡಲು ಅಲ್ಲೇ ಒಣಗಿ ಕೂತಿತ್ತು.
ನಾವೂ ಒಬ್ಬೊಬ್ಬರಾಗಿ, ಯಾರೂ ನೋಡದಾಗ, ನೆಕ್ಕಿದೆವು.

ಆಗ ಚಿಕ್ಕತಾಯಮ್ಮನೇ ಅಂದದ್ದು
(ಆಮೇಲೆ ಎಲ್ಲರೂ ತಾವು ಅಂದದ್ದು ಎಂದರು):
"ಹಳ್ಳುಕ್ ಕಬ್ ಹಾಕಿ."
"ಎಷ್ಟು?"
"ಎಷ್ಟಿಡಿಸ್ತದೋ ಅಷ್ಟು. ಟನ್ನಿನ್ ಲೆಕ್ಕ ಆಮೇಕೆ."

ಉದ್ದಕ್ಕೊಂದು ಪದರ, ಅಡ್ಡಕ್ಕೊಂದು ಪದರ,
ಕೈಯಿಂದ ಕೈಗೆ, ಸೋಗೆ ಗೀರಿ ಮೊಳಕೈ ಉರಿದು.
ಖಾಲಿಯಾದ ಟ್ರೈಲರುಗಳ ಕೊಕ್ಕೆ ಬಿಚ್ಚಿ
ಯಾರದೋ ಕುಯ್ದ ರಾಗಿ ಹೊಲಕ್ಕೆ ತಳ್ಳಿದೆವು.

ಚಕ್ರ ಏರಿತು.
ಮೊದಲು ಒಂದು ಲಟಕ್ಕು. ಆಮೇಲೆ ಎಣಿಸಲಾರದಷ್ಟು.
ರಸ ಒಸರಿ ಟಾರು ಹಿಡಿದು ಇಳಿಜಾರಿಗೆ ಹರಿಯಿತು,
ಇಂಥ ಗಾಣ ಯಾವ ಆಲೆಮನೇಲಿದ್ದದು ಎಂದು
ಕೆಂಪಾಜಿ ಬೊಗಸೆ ಒಡ್ಡಿದ, ಮೂಸಿದ, ಚೆಲ್ಲಿದ. ಡೀಸೆಲ್ಲು.

ಅಷ್ಟರಲ್ಲಿ ತಲೆ ಒಂದು ಗೇಣು ವಾಲಿತು.
ಮುರ್ಮುವಿನ ಗಳ ಜಾರಿತು, ಅವನ ಕೈ
ನನ್ನ ತಂತಿಯನ್ನು ಹಿಡಿದುಕೊಂಡಿತು.

ಬಂದ್ ಮಾಡಿದ್ದು ನಾನೇ. ಅರ್ಥಿಂಗ್ ಹಾಕಿದ್ದೂ ನಾನೇ.
ಆದರೂ.

ತಂತಿ ಬಿಟ್ಟು ಕೆಳಗೆ ನೋಡಿದ.
"ಬಂದ್," ಅಂದ, ಈ ಸಲ ಕೇಳದೆ.

ಸೆಲ್ವಿನ್ ಚೀಟಿ ಬರೆದ: ರಸ್ತೆ ಅಗಲೀಕರಣ, ಕಬ್ಬು, ಏಳು ಟನ್ನು.
ಒಂಬತ್ತು ಅಂದಳು ಚಿಕ್ಕತಾಯಮ್ಮ. ಎಂಟಕ್ಕೆ ನಿಂತಿತು.

ನಾಲ್ಕೂ ನಲವತ್ತಕ್ಕೆ ಲೈನು ವಾಪಸು ಕೊಟ್ಟೆ.
ಪುಸ್ತಕದಲ್ಲಿ ಅಡಚಣೆಯ ಕಾರಣ ಅಚ್ಚು ಹಾಕಿದ್ದಾರೆ:
ಮಳೆ, ಗಾಳಿ, ಕೊಂಬೆ, ಅಳಿಲು, ಇತರೆ.
ಇತರೆಯ ಮುಂದೆ ಮೂರು ಬೆರಳಗಲ ಜಾಗ.
ಬರೆಯೋಣವೆಂದು ಪೆನ್ನು ತೆಗೆದೆ.
ಬೆರಳು ಪೆನ್ನಿಗೆ, ಪೆನ್ನು ಹಾಳೆಗೆ ಅಂಟಿತು.