ಕೀಲಿಕೈ ಜೊತೆಗೊಂದು ಚೀಟಿ

ಯನೀರಾ,
ಎಂಟೇ ದಿನ. ಮಂಡಿ ಬಿಚ್ಚಿ ಹೊಲಿಯುತ್ತಾರಂತೆ ವಿನ್ಯಾದ ಆಸ್ಪತ್ರೆಯಲ್ಲಿ.
ಅಲ್ಲಿಯತನಕ ವಾಲ್ಪರೈಸೊದ ಈ ಗುಡ್ಡದ ತುದಿಯ ತಗಡಿನ ಮನೆ,
ಮುದಿ ತೋರ್ನಿಯೊ, ಕೊಬ್ಬಿದ ಸೆನಿಸಾ,
ಮೂರು ಜೀವ ನಿನ್ನ ಕೈಲಿ.
ಮನೆಯನ್ನೂ ಎಣಿಸಿದ್ದೇನೆ, ನಗಬೇಡ.

ಬೆಳಿಗ್ಗೆ ಬಟ್ಟಲ ನೀರು ಚೆಲ್ಲಿ ಹೊಸದು ತುಂಬು.
ನಿನ್ನೆಯದೇ ಚೆನ್ನಾಗಿದೆಯಲ್ಲ ಅನ್ನಬೇಡ,
ನಿನ್ನೆಯ ಲೋಟದಲ್ಲಿ ನೀನು ಕುಡಿಯುತ್ತೀಯಾ?
ತೋರ್ನಿಯೊಗೆ ಅರ್ಧ ಮಾತ್ರೆ, ಹೃದಯದ್ದು,
ಬೇಯಿಸಿದ ಕುಂಬಳಕಾಯಲ್ಲಿ ಹುದುಗಿಸಿ.
ಕುಂಬಳ ನುಂಗಿ ಮಾತ್ರೆ ಉಗುಳುವ ವಿದ್ಯೆ ಅವನಿಗಿದೆ;
ಕಂಬಳಿ ಎತ್ತಿ ನೋಡು.
ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್
ಎಂಥ ಕಣ್ಣು ಮಾಡಿದರೂ ಇಲ್ಲ.

ಮಧ್ಯಾಹ್ನ ಸುಮ್ಮನೆ ಮುಟ್ಟುತ್ತ ಕೂರು.
ಕಿವಿಗೆ ಮೂಗಿಟ್ಟು ನೋಡು,
ಹುಳಿಹಿಟ್ಟಿನ ವಾಸನೆ ಬಂದರೆ ನನಗೆ ಹೇಳು.
ಬೆರಳ ಸಂದಿಯಲ್ಲಿ ಹುಲ್ಲಿನ ಮುಳ್ಳು ಹುಡುಕು.
ತುಟಿ ಎತ್ತಿ ಒಸಡು ಒತ್ತು, ಬಿಡು;
ಬಿಳಿಚಿದ್ದು ಎರಡು ಎಣಿಸುವುದರೊಳಗೆ ಕೆಂಪಾಗಬೇಕು.
ಆಗದಿದ್ದರೆ
ಮೂರು ಎಣಿಸುತ್ತ ನಿಲ್ಲಬೇಡ.
ಡಾಕ್ಟರ್ ಒಯಾರ್ಸುನ್ ಮನೆ ಮೆಟ್ಟಿಲ ಕೆಳಗೆ, ಹಸಿರು ಬಾಗಿಲು,
ರಾತ್ರಿಯಾದರೂ ತಟ್ಟು. ಬೈಯುತ್ತಾರೆ. ಬರುತ್ತಾರೆ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಕೇಳುತ್ತಾರಲ್ಲ,
ನಾನೇ ಕಟ್ಟಿದ್ದೇನೆ. ಮೊಣಕೈ ಮೇಲೆ ಮೂರು ಗೀರು ಸಾಕ್ಷಿ.
ಗಂಟೆ ಪಕ್ಕದ ಬಿಲ್ಲೆಯಲ್ಲಿ ನನ್ನ ನಂಬರು.
ಹಿಂಬದಿಗೆ ನಿನ್ನೆ ನಿನ್ನದೂ ಕೆತ್ತಿಸಿದೆ,
ಕೇಳದೆಯೇ.

ಸೆನಿಸಾಳ ಬುಟ್ಟಿ ಅಟ್ಟದ ಮೇಲೆ ಹುಡುಕಬೇಡ.
ಕಿಟಕಿ ಕೆಳಗೆ ಬಿಸಿಲಲ್ಲಿದೆ, ಬಾಯಿ ತೆರೆದುಕೊಂಡು.
ದಿನಾ ಅದರೊಳಗೇ ಅನ್ನ ಹಾಕು.
ಬುಟ್ಟಿ ಅಂದರೆ ಊಟ ಅಂತಲೇ ತಿಳಿದಿರಲಿ ಅವಳು;
ಬುಟ್ಟಿ ಅಂದರೆ ಬೆಂಕಿ ಅಂತ
ನಮಗಿಬ್ಬರಿಗೆ ಗೊತ್ತಿದ್ದರೆ ಸಾಕು.

ಬಾಗಿಲ ಹಿಂದೆ ಕೆಂಪು ಚೀಲ.
ಒಂದು ವಾರದ ಕಾಳು, ನೀರು, ಹಗ್ಗ ಎರಡು,
ಸುಟ್ಟ ಪಾದಕ್ಕೆ ಸುತ್ತುವ ಹತ್ತಿ ಬಟ್ಟೆ,
ಚುಚ್ಚುಮದ್ದಿನ ಪುಸ್ತಕ ಪ್ಲಾಸ್ಟಿಕ್ಕಿನಲ್ಲಿ,
ನಾವು ಮೂವರೂ ಇರುವ ಒಂದು ಫೋಟೊ,
ಇವರು ನನ್ನವರು ಅಂತ ಯಾರಾದರೂ ನಂಬಬೇಕಲ್ಲ.
ಇದರಿಂದ ಬಿಸ್ಕತ್ತು ಕದಿಯಬೇಡ. ಕದ್ದರೆ ತುಂಬಿಸಿಡು.

ಕಣಿವೆಯಿಂದ ನೀಲಗಿರಿ ಎಲೆಯ ಹೊಗೆ ಬಂದರೆ,
ಗಾಳಿ ತಗಡನ್ನು ತೆಂಕಣದಿಂದ ಬಡಿಯುತ್ತಿದ್ದರೆ,
ಯಾರಾದರೂ ಹೇಳಲಿ ಅಂತ ಕಾಯಬೇಡ.
ಮೊದಲು ಬೆಕ್ಕು. ಆಮೇಲೆ ಹಗ್ಗ. ಆಮೇಲೆ ಚೀಲ.
ಟಿವಿ ಬಿಡು. ನನ್ನ ಅಮ್ಮನ ಹೊಲಿಗೆ ಯಂತ್ರವನ್ನೂ ಬಿಡು.

ಆಗ ನೀನು ಹುಟ್ಟಿರಲಿಲ್ಲ.
ನಾನು ಬಂದರಿನ ಕ್ಯಾಂಟೀನಿನಲ್ಲಿ ಮೀನು ಹುರಿಯುತ್ತಿದ್ದೆ,
ಗುಡ್ಡ ಉರಿಯುವುದನ್ನು ಬಾಣಲೆ ಮೇಲಿಂದ ನೋಡಿದೆ.
ಲಾಂಚಾ ಒಳಗಿದ್ದಳು. ಎರಡು ವರ್ಷದ ನಾಯಿ, ಬಿಳೀ ಎದೆ.
ಕಳ್ಳರ ಭಯಕ್ಕೆ ಬೀಗ ಹಾಕಿದ್ದೆ.
ಅವಳು ಬೊಗಳಿದ್ದು ನಿನ್ನ ತಾತ ಬೆಲಿಸಾರಿಯೊಗೆ ಕೇಳಿತು,
ಬೀಗ ಒಡೆಯಲು ಕಲ್ಲಿಗೆ ಕೈ ಹಾಕಿದ,
ಕಲ್ಲೆಲ್ಲ ಕಾದಿತ್ತು.
ಈಗಲೂ ನಾನೆದುರು ಬಂದರೆ
ಆತ ಅಂಗೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾನೆ,
ನೀನು ಗಮನಿಸಿರಬೇಕು.

ಆಮೇಲೆ ಈ ಮನೆ ಕಟ್ಟುವಾಗ
ಬಾಗಿಲಿಗೆ ಬರೀ ಚಿಲಕ ಸಾಕೆಂದೆ. ಬಡಗಿ ನಕ್ಕ.
ಹಾಗಾದರೆ ಈ ಕೀಲಿಕೈ ಯಾವುದರದ್ದು ಅಂತ ಕೇಳುತ್ತೀಯ.
ಕಾಳಿನ ಡಬ್ಬದ್ದು.
ತೋರ್ನಿಯೊ ಮುಚ್ಚಳ ತೆಗೆಯಲು ಕಲಿತಿದ್ದಾನೆ.